ಹಸಿ ಮಾಳಿಗೆಯ ಮೇಲಿನ ಮಣ್ಣು

ಕಂಟೋನ್ಮೆಂಟ್, ಬಳ್ಳಾರಿ
೧೨ ಜೂನ್ ೧೯೭೮

ಅವ್ವ ವೀರಭದ್ರಮ್ಮನಿಗೆ ಮಗಳು ಚನ್ನವೀರಮ್ಮ ಮಾಡುವ ಶರಣಾರ್ಥಿ.

ಗಂಗಕ್ಕನ ಬಾಯಲ್ಲಿ ನೀನು ಹೇಳಿಕಳಿಸಿದ ಮಾತು ಮುಟ್ಟಿತು. ಪೊಲೀಸರು ಕೇಳಿದರೆ ‘ಮೇಸ್ತ್ರಿ ಗಾದಿಲಿಂಗಪ್ಪ ಯಾರನ್ನೂ ಕೇಳದ ತಾನಾ ಕಂಬ ಕಿತ್ತ’ ಅನ್ನಬೇಕಂತೆ. ಅಪ್ಪನ ಮರ್ಯಾದೆ ನನ್ನ ನಾಲಿಗೆಯ ಮೇಲಿದೆಯಂತೆ. ಆ ಮರ್ಯಾದೆಗೆ ಬೆಂಕಿ ಬೀಳಲಿ. ನನ್ನಿಂದ ಆಗದು.

ನೀನು ಹಳೆಯ ಮನೆಯಲ್ಲಿದ್ದೆ, ಕಂಡಿಲ್ಲ. ನಾನು ಕಂಡಿದ್ದೇನೆ. ಸಿರುಗುಪ್ಪದ ಹೊಸ ಮನೆಗೆ ಆರ್‌ಸಿಸಿ ಮಾಳಿಗೆ ಹಾಕಿ ಎಂಟೇ ದಿನವಾಗಿತ್ತು. ಇಲ್ಲಿ ಪಾಲಿಟೆಕ್ನಿಕ್ಕಿನ ಕಟ್ಟಡದ ತರಗತಿಯಲ್ಲಿ ಮೊದಲು ಕಲಿಸುವುದೇ ಇದನ್ನು: ಹೊಸ ಮಾಳಿಗೆ ಹಸಿ ಬಾಣಂತಿ ಇದ್ದಂತೆ, ಕೆಳಗಿನ ಆಸರೆ ಕಂಬ ಮೂರು ವಾರ ಕದಲಬಾರದು, ಮೇಲೆ ಭಾರ ಹೇರಬಾರದು. ಅದನ್ನೇ ಅಪ್ಪನಿಗೆ ಹೇಳಿದೆ. ಶುಕ್ರವಾರ ಗೃಹಪ್ರವೇಶ, ‘ಈ ಕಂಬದ ಕಾಡಿನಾಗ ನೆಂಟರಿಗೆ ಎಲ್ಲಿ ಎಲಿ ಹಾಕ್ಲಿ’ ಎಂದು ಕಂಬ ಕೀಳಿಸಿದ. ಅಷ್ಟಕ್ಕೇ ಬಿಟ್ಟನೇ? ಬರೀ ಸಿಮೆಂಟನ್ನು ಅವನು ನಂಬುವವನಲ್ಲ. ಹಳೆಯ ಮನೆಯ ಹಾಗೆ ಮೇಲೆ ಚೌಳು ಮಣ್ಣು ಬಿದ್ದರೇ ಮಳೆ ಸೋರುವುದಿಲ್ಲ, ಒಳಗೆ ತಂಪು ಎಂಬುದು ಅವನ ಹಟ. ಗಾದಿಲಿಂಗಪ್ಪ ಬೇಡವೆಂದರೆ ‘ಮಣ್ಣಿಲ್ಲದ್ದು ಅದೆಂಥ ಮಾಳಿಗಿಲೇ’ ಎಂದು ಬೈದು ಮೊಳದೆತ್ತರ ಮಣ್ಣು ಹೇರಿಸಿದ. ನಾನು ಏಣಿಗೆ ಅಡ್ಡ ನಿಂತೆ. ಜಡೆ ಹಿಡಿದು ಎಳೆದು ಕೂಲಿಯವರ ಮುಂದೆಯೇ ಕೆನ್ನೆಗೆ ಬಾರಿಸಿದ.

ಮಣ್ಣು ಹೊತ್ತು ದಣಿದ ಹೊನ್ನೂರಮ್ಮ ನೆರಳೆಂದು ಒಳಗೆ ಕೂತು ರೊಟ್ಟಿ ಬಿಚ್ಚಿದ್ದಳಷ್ಟೇ. ಮಾಳಿಗೆ ನಡುವೆ ಮುರಿದು ಬಿತ್ತು. ಮಣ್ಣು ಬಗೆದಾಗ ಮೊದಲು ಸಿಕ್ಕಿದ್ದು ಅವಳ ಕೈ. ನಾನೇ ಹಿಡಿದು ಎಳೆದೆ. ಬೆಚ್ಚಗಿತ್ತು, ಹಿಡಿತವಿರಲಿಲ್ಲ. ಮುಖ ಗುರುತು ಸಿಗದಂತೆ ಜಜ್ಜಿಹೋಗಿತ್ತು.

ಅವಳ ಹೆಣ ಇನ್ನೂ ಆ ಮಣ್ಣಿನ ಮೇಲೇ ಬಿದ್ದಿರುವಾಗಲೇ ಅಪ್ಪನೂ ಉಜ್ಜಿನಪ್ಪ ಕಾಕಾನೂ ಸೇರಿ ಗಾದಿಲಿಂಗಪ್ಪನನ್ನು ಬೇವಿನ ಮರಕ್ಕೆ ಕಟ್ಟಿದರು. ಕಿತ್ತ ಕಂಬದಿಂದಲೇ ಬಡಿದರು. ‘ನೀವಾ ಹೇಳಿದ್ರಲ್ರಿ ಧಣಿ’ ಎಂದು ಅವನು ಅಂದಂತೆಲ್ಲ ಏಟು ಹೆಚ್ಚಿತು. ಎರಡೂ ಮುಂಗೈ ಮುರಿದು ಎಲುಬು ಹೊರಗೆ ಬಂತು. ಓಣಿಯ ಗಂಡಸರು ಕೈಕಟ್ಟಿ ನೋಡಿದರು. ಅವನು ಇನ್ನು ಕರಣೆ ಹಿಡಿಯಲಾರ. ಸಾಲದೆಂದು ಜೈಲಿಗೂ ಅವನೇ ಹೋಗಬೇಕೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು.

ಕೋಪದಲ್ಲಿ ಬರೆಯುತ್ತಿದ್ದೇನೆ, ಹೌದು. ಅಪ್ಪ ಎಂದರೆ ನನಗೆ ಜೀವವಾಗಿತ್ತು. ಅದಕ್ಕೇ ಇಷ್ಟು ಹೇಸಿಗೆ.

ನಿನ್ನ ಮಗಳು
ಚನ್ನಿ

ತಾ.ಕ.: ಕಂಡದ್ದನ್ನೆಲ್ಲ ಇವತ್ತು ಬೆಳಿಗ್ಗೆಯೇ ಪೊಲೀಸ್ ಸಾಹೇಬರ ಮುಂದೆ ಹೇಳಿ ರುಜು ಹಾಕಿ ಬಂದಿದ್ದೇನೆ. ಇದನ್ನು ನಿನಗೆ ಓದಿ ಹೇಳುತ್ತಿರುವ ನಿನ್ನ ತಮ್ಮ ಚಂದ್ರಣ್ಣಮಾವ ಬಂದಿರುವುದು ನಿನ್ನನ್ನು ತವರಿಗೆ, ಕುರುಗೋಡಿಗೆ ಕರೆದೊಯ್ಯಲೆಂದೇ. ಸುದ್ದಿ ಅಪ್ಪನಿಗೆ ಮುಟ್ಟಿದರೆ ಅವನ ಕೈಗೆ ನಾನು ಸಿಗುವುದಿಲ್ಲ, ನೀನು ಸಿಗುತ್ತೀ. ಒಲೆಯ ಮೇಲಿನದು ಒಲೆಯ ಮೇಲೇ ಇರಲಿ. ಉಟ್ಟ ಸೀರೆಯಲ್ಲೇ ಎದ್ದು ಹೊರಡು ಅವ್ವ.