ಕೊನೇ ಸ್ಲೈಡಿನ ಕುರಿಗಳು

ಚಳ್ಳಕೆರೆ
೧೭ ನವೆಂಬರ್ ೨೦೨೪

ಪ್ರೀತಿಯ ಅಪ್ಪಾ,

ಹೆಂಗಿದ್ದೀಯ? ಮಂಡಿನೋವು ಕಮ್ಮಿ ಆಯ್ತಾ? ರಾಯದುರ್ಗದ ಕಡೆ ಮಂಜು ಜಾಸ್ತಿ ಅಂತ ಓಬಳೇಶ್ ಮಾವ ಹೇಳಿದ. ಕಂಬಳಿ ಸರಿಯಾಗಿ ಹೊದ್ಕೊಂಡು ಮಲಗು, ತಂಗಳು ಉಂಡೇ ದಿನ ತಳ್ಳಬೇಡ. ನಿನ್ನ ಫೋನು ಹತ್ತಲ್ಲ, ಅದಕ್ಕೇ ಮಾವನ ಕೈಯಾಗೆ ಈ ಕಾಗದ. ಅವ್ವ ಚೆನ್ನಾಗಿದ್ದಾಳೆ. ನಾನು ಹೇಳಿ ಕಳಿಸೋತನಕ ಮಂದೆಯನ್ನ ಈ ಕಡೆ ತಿರುಗಿಸಬೇಡ. ದೊಡ್ಡಉಳ್ಳಾರ್ತಿ ಸುತ್ತ ನೀಲಿ ನಾಲಿಗೆ ರೋಗ ಬಿದ್ದೈತೆ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲಪ್ಪ. ಕಳೆದ ಸೋಮವಾರ ನಮ್ಮ ಕುರಿಗಾರರ ಕಂಪನಿಯ ಆಫೀಸಲ್ಲಿ ಸಭೆ ಇತ್ತು. ಜಿಲ್ಲೆಯಿಂದ ಪಶುವೈದ್ಯ ಸಾಹೇಬ್ರು ಬಂದಿದ್ರು. ಲಸಿಕೆ ಇರೋದೇ ಕಮ್ಮಿ, ಯಾವ ಊರಿಗೆ ಮೊದಲು ಅಂತ ಅವತ್ತೇ ತೀರ್ಮಾನ ಆಗಬೇಕಿತ್ತು. ಅದಕ್ಕೇ ನಾನು ಹಟ್ಟಿ ಹಟ್ಟಿ ತಿರುಗಿ ಒಂದಿಷ್ಟು ಸ್ಲೈಡ್ ಮಾಡಿದ್ದೆ. ಸ್ಲೈಡ್ ಅಂದ್ರೆ ಗೋಡೆ ಮೇಲೆ ಬೆಳಕಲ್ಲಿ ಬೀಳೋ ಹಾಳೆ ಅಂದ್ಕೋ. ಬಾಯಿ ಊದಿದ ಕುರಿಯ ಫೋಟೋ, ಎಲ್ಲೆಲ್ಲಿ ಸಾಯ್ತಾವೆ ಅನ್ನೋ ನಕ್ಷೆ, ಆಮೇಲೆ ನಮಗೇನು ಬೇಕು ಅಂತ ದಪ್ಪ ಅಕ್ಷರದಲ್ಲಿ ಒಂದೇ ಸಾಲು. ಹಿಂದಿನ ಬೆಂಚಿನವರಿಗೂ ಕಾಣಬೇಕು, ಅಷ್ಟೇ ನನ್ನ ಲೆಕ್ಕ.

ಮ್ಯಾನೇಜರ್ ತೋಟಪ್ಪ ಸಾರ್‌ಗೆ ಅದು ಬಡಕಲಾಗಿ ಕಂಡಿತು. ಕಂಪನಿಯ ಚರಿತ್ರೆ, ಶಾಲು ಹೊದ್ದವರ ಫೋಟೋ, ಗಿರಗಿರ ತಿರುಗಿ ಬರೋ ತಾವರೆ, ಇರುವೆ ಸಾಲಿನಂಥ ಅಕ್ಷರ, ಎಲ್ಲಾ ತುಂಬಿದ್ರು. ನನ್ನ ನಕ್ಷೆಯನ್ನ ಕೊನೆಗೆ ತಳ್ಳಿದ್ರು. ಸಭೆಗೆ ಬೆನ್ನು ಹಾಕಿ, ಗೋಡೆ ಮೇಲಿದ್ದದ್ದನ್ನ ಅಕ್ಷರ ಬಿಡದೆ ಓದಿದ್ರು. ಓದೋಕೆ ನಮಗೇ ಕಣ್ಣಿಲ್ವಾ? ಸಾಹೇಬ್ರು ಮೊಬೈಲ್ ನೋಡ್ತಾ ಕೂತ್ರು. ದೊಡ್ಡಉಳ್ಳಾರ್ತಿಯ ಜುಂಜಮ್ಮ ನನ್ನ ಪಕ್ಕದಲ್ಲಿದ್ಲು. ಆ ಬೆಳಿಗ್ಗೆಯೂ ಸತ್ತ ಕುರಿ ಹೂತು ಬಂದಿದ್ಲು. ಮೆಲ್ಲಗೆ ನನ್ನ ತೋಳು ಹಿಡಿದು ಕೇಳಿದ್ಲು:

“ಇದ್ರಾಗೆ ಕುರಿ ಯಾವಾಗ ಬರ್ತಾವವ್ವ?”

ಅಷ್ಟರಲ್ಲಿ ಸಾಹೇಬ್ರು ಗಡಿಯಾರ ನೋಡಿ, ಮಿಕ್ಕಿದ್ದು ಮೇಲ್ ಮಾಡಿ ಅಂತ ಎದ್ರು. ನನಗೆ ತಡೆಯೋಕಾಗಲಿಲ್ಲ. ಹೋಗಿ ತೋಟಪ್ಪ ಸಾರ್ ಎದುರಿಗಿದ್ದ ಲ್ಯಾಪ್‌ಟಾಪ್ ಎಳ್ಕೊಂಡು ನಕ್ಷೆ ತೆಗೆದೆ. “ಕೂತ್ಕೊಳ್ಳಿ ಸಾರ್, ನಾವು ಕರೆದಿದ್ದು ಇದನ್ನ ತೋರಿಸೋಕೆ” ಅಂದೆ. ಸಾಹೇಬ್ರು ಕೂತ್ರು. ಸುತ್ತಲ ಯಾವ್ಯಾವ ಊರಿಗೆ ರೋಗ ಇನ್ನೂ ಮುಟ್ಟಿಲ್ಲ ಅಂತ ಬೆರಳಿಟ್ಟು ತೋರಿಸಿದೆ, ಅಲ್ಲಿಗೆ ಮೊದಲು ಲಸಿಕೆ ಹೋಗಲಿ ಅಂದೆ. ಸಾಹೇಬ್ರು ಅಲ್ಲೇ ಮೇಲಿನವರಿಗೆ ಫೋನ್ ಮಾಡಿ ಒಪ್ಪಿಸಿದ್ರು. ಹೋಗ್ವಾಗ ಮಾತ್ರ “ಇದನ್ನ ಮೊದಲೇ ತೋರಿಸೋಕೆ ಏನಾಗಿತ್ತಮ್ಮ?” ಅಂತ ನನ್ನನ್ನೇ ಕೇಳಿದ್ರು. ತೋಟಪ್ಪ ಸಾರ್ ಪ್ರೊಜೆಕ್ಟರ್ ವೈರು ಸುತ್ತುತ್ತಾ ನಿಂತಿದ್ರು.

ರೋಗ ಇನ್ನೂ ಮುಟ್ಟದ ಪರಶುರಾಂಪುರದ ಕಡೆ ಗುರುವಾರ ಲಸಿಕೆ ಬಂತು. ಜುಂಜಮ್ಮನ ಹಟ್ಟಿಗೆ ರೋಗ ಆಗಲೇ ಹೊಕ್ಕಿದೆ, ಅವಳಿಗೆ ಆ ಲಸಿಕೆಯಿಂದ ಏನೂ ಉಪಯೋಗ ಇಲ್ಲ. ಮಾತು ನೆಟ್ಟಗೆ ಆಡೋಕೆ ಬರದಿದ್ರೆ ಸುಮ್ಮನಿರಬೇಕು, ತಾವರೆ ತಿರುಗಿಸಬಾರದು.

ಜೊತೆಗಿರೋ ಚಿಕ್ಕೀರಪ್ಪ ಕಾಕನಿಗೆ ಕೇಳಿದೆ ಅಂತ ಹೇಳು. ಮರಿಗಳ ಮೇಲೆ ಕಣ್ಣಿರಲಿ, ನಿನ್ನ ಮೇಲೂ.

ನಿನ್ನ ಮಗಳು
ಗಂಗಲಕ್ಷ್ಮಿ

ಮರೆತೆ: ಬಸ್ಸು ಬಂತು ಅಂತ ಮಾವ ಅವಸರ ಮಾಡ್ತಿದ್ದಾನೆ. ಸಭೆ ಮುಗಿದ ಮೇಲೆ ತೋಟಪ್ಪ ಸಾರ್, “ಎಲ್ಲರೆದುರು ನನ್ನ ಮರ್ಯಾದೆ ತೆಗೆದೆ, ತಪ್ಪಾಯ್ತು ಅಂತ ಬರೆದುಕೊಡು, ಇಲ್ಲಾ ಕೆಲಸಕ್ಕೆ ಬರಬೇಡ” ಅಂದ್ರು. ಬರೆದುಕೊಡಲಿಲ್ಲ. ಅವ್ವನಿಗೆ ಗೊತ್ತಿಲ್ಲ. ದಿನಾ ಬುತ್ತಿ ಕಟ್ಟಿಸ್ಕೊಂಡು ಆಫೀಸಿಗೆ ಅಂತ ಹೊರಟು ದೊಡ್ಡಉಳ್ಳಾರ್ತಿಗೆ ಹೋಗ್ತೀನಿ, ಜುಂಜಮ್ಮನ ಉಳಿದ ಕುರಿಗಳ ಹುಣ್ಣಾದ ಬಾಯಿ ತೊಳೆಯೋಕೆ.