ಬಾಗಿಲು ಕೇಳಿದ್ದಕ್ಕೆ

11 ಜೂನ್ 1979
ಬೆಳಿಗ್ಗೆ ಮಗ್ಗದ ಕಾರ್ಖಾನೆಯ ಭೋಂಗಾ ಕೂಗಿತು. ಅಭ್ಯಾಸಬಲ — ಬುತ್ತಿ ಕಟ್ಟಿಯೇ ಬಿಟ್ಟೆ. ಅತ್ತೆ ಸಿದ್ದಕ್ಕ ನಕ್ಕಳು. "ಎಲ್ಲಿಗಿ ಹೊಂಟೀಯವಾ ಶೇವಂತಿ? ನಿನ್ನ ತಗದ ಹಾಕ್ಯಾರಲ್ಲ!"

ಹೆಂಗಸರ ಪಾಯಖಾನೆಗೆ ಬಾಗಿಲು ಹಾಕಿಸಿ ಎಂದದ್ದು ತಪ್ಪೇ? ಮ್ಯಾನೇಜರ್ ಬಾಳಾಸಾಹೇಬ ನೋಟಿಸಿನಲ್ಲಿ ಬರೆದದ್ದು ಬೇರೆ — ಶೇವಂತಿ ತನಗೆ ಎಲ್ಲರೆದುರು ಹೊಲಸು ಬೈದಳಂತೆ. ಹಸಿ ಸುಳ್ಳು! ಹುಬ್ಬಳ್ಳಿ ಲೇಬರ್ ಕೋರ್ಟಿಗೆ ಅರ್ಜಿ ಹಾಕಿದ್ದೇನೆ. ಬಿಡುವವಳಲ್ಲ ನಾನು.

8 ಅಕ್ಟೋಬರ್
ನಾಳೆ ಸಾಕ್ಷಿ. ಅವರ ಕಡೆಯಿಂದ ವಿಠೋಬಾ ಕಾಕಾ, ನಾನು ನೂಲು ಸುತ್ತುವ ಜಾಗದ ಪಕ್ಕದ ಮಗ್ಗದವನು. ಖರೆ ಹೇಳಿದರೆ ಅವನ ಕೆಲಸವೂ ಹೋದೀತು. ಅವನನ್ನು ಹೇಗೆ ಬೈಯಲಿ...

9 ಅಕ್ಟೋಬರ್, ವಾಪಸ್ ಬಸ್ಸಿನಲ್ಲಿ
ಮನೆ ಮುಟ್ಟುವ ತನಕ ತಡೆಯಲಾರೆ, ಈಗಲೇ ಬರೆಯುತ್ತೇನೆ!

ನಮ್ಮ ವಕೀಲರು ಬಾಳಾಸಾಹೇಬನನ್ನು ಕೇಳಿದರು: "ಆಕಿ ಬೈದ್ಳು ಅಂತೀರಲ್ಲ, ಆಗ ಮಗ್ಗ ನಡದಿದ್ವೇನ್ರಿ?"

ಅವನಿಗೆ ಜಂಬ. "ಎಲ್ಲಾ ನಡದಿದ್ವು. ನನ್ನ ಶೆಡ್ಡಿನ್ಯಾಗ ಒಂದೂ ನಿಲ್ಲಂಗಿಲ್ರಿ!"

"ಮತ್ತ ಆಕಿ ಬೈದದ್ದ ನಿಮಗ ಹೆಂಗ ಕೇಳಿಸ್ತ್ರಿ?"

ಸಿಕ್ಕಿಬಿದ್ದ! ಆ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ನಾವು ತುಟಿ ನೋಡಿಯೇ ಮಾತಾಡುವವರು. ಅವನಿಗೆ ಅದು ಬಾರದು. ಎಲ್ಲರೂ ನಕ್ಕದ್ದನ್ನು ಕಂಡಿದ್ದ, ಅಷ್ಟೆ.

"ವಿಠೋಬಾ ಹೇಳ್ಯಾನ್ರಿ" ಎಂದು ಜಾರಿಕೊಂಡ. ಕಾಕಾ ಕಟಕಟೆ ಹತ್ತಿದ. ನನ್ನ ಕಡೆ ತಿರುಗಿ, ದನಿಯಿಲ್ಲದೆ ತುಟಿ ಆಡಿಸಿದ — "ಅಂಜಬ್ಯಾಡವಾ." ಇಡೀ ಕೋರ್ಟಿನಲ್ಲಿ ಅದು ತಿಳಿದದ್ದು ನನಗೊಬ್ಬಳಿಗೇ! ಆಮೇಲೆ ಜಡ್ಜ್ ಸಾಹೇಬರಿಗೆ ಗಟ್ಟಿಯಾಗಿ ಹೇಳಿದ: "ಆಕಿ ಬೈದಿಲ್ರಿ. 'ನಿಮ್ಮ ಮನಿ ಪಾಯಖಾನಿಗೂ ಬಾಗಿಲ ಇಲ್ಲೇನ್ರಿ ಸಾಹೇಬ್ರ?' ಅಂತ ಕೇಳಿದ್ಳು. ಅದಕ್ಕ ಎಲ್ಲಾರೂ ನಕ್ಕೇವ್ರಿ."

ಜಡ್ಜರೂ ನಕ್ಕುಬಿಟ್ಟರು.

22 ಜನವರಿ 1980
ಗೆದ್ದೆ! ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲೇಬೇಕೆಂದು ಆದೇಶ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ.

1 ಫೆಬ್ರವರಿ, ಮಧ್ಯಾಹ್ನ, ಶೆಡ್ಡಿನಲ್ಲೇ
ಬಂದು ನೋಡಿದರೆ ಕಾಕಾನ ಮಗ್ಗದಲ್ಲಿ ಯಾರೂ ಇಲ್ಲ. ನಿನ್ನೆಯೇ ತೆಗೆದುಹಾಕಿದರಂತೆ. ನನ್ನ ಸಲುವಾಗಿ ಖರೆ ಹೇಳಿದ್ದಕ್ಕೆ. ಸಿಟ್ಟು ನೆತ್ತಿಗೇರಿತು. ನೂಲು ಸುತ್ತುವುದು ಬಿಟ್ಟು ಕೈಕಟ್ಟಿ ಕುಳಿತೆ.

ಪಕ್ಕದಲ್ಲಿ ನೂಲು ಸುತ್ತುವ ಹಾಲವ್ವ ನನ್ನ ಮುಖ ನೋಡಿದಳು. ತಾನೂ ಬಿಟ್ಟಳು. ಆಮೇಲೆ ಒಂದು ಮಗ್ಗ ನಿಂತಿತು. ಇನ್ನೊಂದು... ದೇವರೇ, ಎಲ್ಲವೂ ನಿಂತವು! ಇಷ್ಟು ವರ್ಷದಲ್ಲಿ ಮೊದಲ ಸಲ ತಗಡಿನ ಮಾಡಿನ ಕೆಳಗೆ ಗುಬ್ಬಿಗಳ ಸದ್ದು ಕೇಳುತ್ತಿದೆ. ನಗು ಬರುತ್ತಿದೆ.

ಬಾಳಾಸಾಹೇಬ ಓಡಿಬರುತ್ತಿದ್ದಾನೆ. ಬರಲಿ. ಈ ಸಲ ನಾನು ಅನ್ನುವುದು ಅವನಿಗೂ ಕೇಳಿಸುತ್ತದೆ. ಕಾಕಾನನ್ನು ವಾಪಸ್ ತಗೊಳ್ಳಿ ಎನ್ನಲು ಎದ್ದು ನಿಲ್ಲುತ್ತೇನೆ —