ಒಂದೇ ಸೀಟಿನ ಗಾಡಿ

ತೇರದಾಳ
೧೯ ಜನವರಿ ೨೦೨೫, ರವಿವಾರ

ಮಗಳು ತ್ರಿಶಲಾಗೆ,

ನಿನ್ನ ಅಪ್ಪನ ಆಶೀರ್ವಾದ. ನಿಮ್ಮ ಮಾತಾಜಿಯವರಿಗೂ ಸಂಘದ ಎಲ್ಲ ತ್ಯಾಗಿಗಳಿಗೂ ನಮ್ಮಿಬ್ಬರ ವಂದನೆ ತಿಳಿಸು. ಇಲ್ಲಿ ನಾನು, ನಿನ್ನ ಅವ್ವ, ಗ್ಯಾರೇಜು ಮೂವರೂ ಆರಾಮ. ಚಳಿಗೆ ಅವ್ವನ ಮೊಣಕಾಲು ನೋವು ಸ್ವಲ್ಪ ಹೆಚ್ಚಾಗಿದೆ, ಬಾಯಿ ಮಾತ್ರ ಮೊದಲಿನ ಹಾಗೆಯೇ ಇದೆ, ಚಿಂತೆ ಮಾಡಬೇಡ.

ದೀಪಾವಳಿ ಮುಗಿದ ಮೇಲೆ ನೀನು ಬರೆದ ಪತ್ರಕ್ಕೆ ಸಂಕ್ರಮಣ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಸಿಟ್ಟಾಗಬೇಡ. ಸಿಟ್ಟು ಬಿಟ್ಟಿದ್ದೇನೆ ಎಂದು ನೀನೇ ಬರೆದಿದ್ದೆ, ನನಗೆ ಅದು ಒಳ್ಳೆಯ ಅನುಕೂಲವಾಯಿತು. ಪಾನಾ ಹಿಡಿದು ನಟ್ಟು ಬಿಚ್ಚುವ ಕೈಗೆ ಪೆನ್ನು ಜಾರುತ್ತದೆ ಎಂದು ನೆಪ ಹೇಳಬಹುದಿತ್ತು. ಹೇಳುವುದಿಲ್ಲ. ಬರೆಯಲು ಮನಸ್ಸೇ ಆಗಲಿಲ್ಲ.

ನೀನು ಕೇಳಿದ್ದು ಒಂದೇ ಮಾತು. ಈ ಸಲದ ಮಹಾವೀರ ಜಯಂತಿ ಕಳೆದ ಮೇಲೆ ನಿನಗೆ ಆರ್ಯಿಕಾ ದೀಕ್ಷೆ ಕೊಟ್ಟು ಸನ್ಯಾಸಿನಿ ಮಾಡಲು ಗುರುಗಳು ಒಪ್ಪಿದ್ದಾರೆ, ಆದರೆ ತಾಯಿ ತಂದೆ ಇಬ್ಬರೂ ಮನಸಾರೆ ಹೂಂ ಅನ್ನಬೇಕು. ಅವ್ವ ಆವತ್ತೇ ಹೂಂ ಅಂದಳು. ಒಳಗೆ ಹೋಗಿ ಅತ್ತಳು, ಮುಖ ತೊಳೆದುಕೊಂಡು ಬಂದು ಮತ್ತೊಮ್ಮೆ ಹೂಂ ಅಂದಳು. ಉಳಿದವನು ನಾನು. ಆ ಮಾತಿಗೆ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಮೊದಲು ಗಾಡಿಯ ಸುದ್ದಿ ಕೇಳು. ಇದನ್ನು ಹೇಳದೆ ಅದನ್ನು ಹೇಳಲು ನನಗೆ ಬರುವುದಿಲ್ಲ.

ನಿನ್ನ ಕೆಂಪು ಜೆನ್ ಕಾರು ಮತ್ತೆ ಓಡಿತು ಮಗಳೇ! ಹೋದ ರವಿವಾರ, ಲೋಕಾಪುರದ ಮಣ್ಣಿನ ರೇಸಿನಲ್ಲಿ. ನೀನು ಸಂಘ ಸೇರಿದಾಗಿನಿಂದ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ಮಲಗಿತ್ತು. ನಾನಾಗಿ ಆ ಕಡೆ ಕಾಲೇ ಇಟ್ಟಿರಲಿಲ್ಲ. ನಿನ್ನ ದೊಡ್ಡಪ್ಪನ ಮಗ ಸಿದ್ಧಾಂತ, ಬ್ಯಾಂಕಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುವ ಸಾಹೇಬ, ಒಂದು ದಿನ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ.

"ಕಾಕಾ, ಲೋಕಾಪುರದಾಗ ರೇಸ್ ಐತಿ. ಅಕ್ಕನ ಗಾಡಿ ಕೊಡ್ರಿ, ನಾ ಹೊಡೀತೇನಿ."

"ನಿನಗ ಬ್ಯಾಂಕಿನ ಮುಂದ ಸ್ಕೂಟಿ ನೆಟ್ಟಗ ನಿಲ್ಲಸಾಕ ಬರೂದಿಲ್ಲ, ರೇಸ್ ಹೊಡೀತಾನಂತ!" ಅಂದೆ. ಆದರೆ ಅವನು ತಾಡಪತ್ರಿ ಎಳೆದೇಬಿಟ್ಟ. ಆ ಕೆಂಪು ಕಂಡ ಕೂಡಲೇ ನನ್ನ ಕೈ ತಾನೇ ಬಾನೆಟ್ಟಿಗೆ ಹೋಯಿತು. ಏನು ಮಾಡಲಿ, ಹಾಳು ಕೈ.

ಮರುದಿನವೇ ಅವನು ಆನ್‌ಲೈನಿನಲ್ಲಿ ಸಾಮಾನು ತರಿಸಲು ಶುರು ಮಾಡಿದ. ಮೊದಲು ಬಂದದ್ದು ತೆರೆದ ಬಾಯಿಯ ಏರ್ ಫಿಲ್ಟರು. ಅದನ್ನು ಹಾಕಿದರೆ ಎಂಜಿನ್ ಗಾಳಿ ಹೆಚ್ಚು ಎಳೆಯುತ್ತದಂತೆ, ಜೋರು ಬರುತ್ತದಂತೆ. ಗಾಳಿಯ ಜೊತೆ ನಮ್ಮ ಎರೆ ಮಣ್ಣಿನ ಧೂಳನ್ನೂ ಎಳೆಯುತ್ತದೆ ಎನ್ನುವುದು ಡಬ್ಬಿಯ ಮೇಲೆ ಬರೆದಿರಲಿಲ್ಲ ಪಾಪ! ಅದನ್ನು ಪಕ್ಕಕ್ಕಿಟ್ಟು ಗಾಡಿಯ ಹಳೆಯ ಫಿಲ್ಟರ್ ಡಬ್ಬಿಯನ್ನೇ ಸ್ವಚ್ಛ ಮಾಡಿ ಹೊಸ ಫಿಲ್ಟರ್ ಕೂರಿಸಿದೆ. ಎರಡನೆಯದು ದೊಡ್ಡ ಬಾಯಿಯ ಸೈಲೆನ್ಸರು. ಅದನ್ನು ಬೇಡ ಎನ್ನಲು ಕಾರಣ ಸಿಗಲಿಲ್ಲ, ಹಾಕಿದೆವು. ಶುರು ಮಾಡಿದ ಕೂಡಲೇ ಪಕ್ಕದ ಮನೆಯ ಕಸ್ತೂರೆವ್ವ ಮಗ್ಗ ನಿಲ್ಲಿಸಿ ಹೊರಗೆ ಬಂದಳು. ಜಗಳಕ್ಕೆ ಬಂದಳು ಅಂದುಕೊಂಡೆ.

"ಪಾಯಪ್ಪಣ್ಣಾ, ನನ್ನ ಮಗ್ಗದ ಸಪ್ಪಳಕ ಓಣಿ ಮಂದಿ ದಿನಾ ಬೈತಿದ್ರು. ಇನ್ನ ನಿನಗ ಬೈತಾರ. ಛಲೋ ಆತು ಬಿಡು," ಅಂದು ನಗುತ್ತಾ ಒಳಗೆ ಹೋದಳು.

ಸಿದ್ಧಾಂತನಿಗೆ ಎಲ್ಲರ ಹಾಗೆ ಎಂಜಿನ್ನಿನದೇ ಹುಚ್ಚು. ನನಗೆ ಬ್ರೇಕಿನ ಚಿಂತೆ. ಬ್ರೇಕ್ ಮೇಲೆ ನಂಬಿಕೆ ಇಲ್ಲದ ಡ್ರೈವರ್ ತಿರುವಿಗೆ ಬಹಳ ಮೊದಲೇ ಕಾಲು ತೆಗೆಯುತ್ತಾನೆ, ಅಲ್ಲೇ ವೇಳೆ ಸೋರುತ್ತದೆ. ಇದನ್ನು ನಿನಗೆ ಹೇಳುವ ಅಗತ್ಯವಿಲ್ಲ, ಅವನಿಗೆ ಮಾತ್ರ ಕೂರಿಸಿಕೊಂಡು ಹೇಳಬೇಕಾಯಿತು. ಬ್ರೇಕ್ ಪ್ಯಾಡು ಬದಲಿಸಿದೆ, ಬಿಸಿಗೆ ತಡೆಯುವ ಬ್ರೇಕ್ ಆಯಿಲ್ ಹಾಕಿದೆ, ಮಣ್ಣು ಕಚ್ಚುವ ಆಳವಾದ ಗೀರಿನ ಟೈರು ತರಿಸಿದೆ. ಆಮೇಲೆ ಭಾರ ಇಳಿಸುವ ಕೆಲಸ. ಹಿಂದಿನ ಸೀಟು ಹೋಯಿತು, ನೆಲದ ಮ್ಯಾಟು, ಬಾಗಿಲಿನ ಒಳಪಟ್ಟಿ, ಸ್ಟೆಪ್ನಿ, ಏಸಿ, ಟೇಪು ಎಲ್ಲಾ ಹೋದವು. ವೆಲ್ಡಿಂಗ್ ಜಕ್ಕಪ್ಪ ಬಂದು ಒಳಗೆ ಪೈಪಿನ ಪಂಜರ ಕಟ್ಟಿಕೊಟ್ಟ, ಗಾಡಿ ಪಲ್ಟಿಯಾದರೂ ಡ್ರೈವರ್ ತಲೆ ಉಳಿಯಬೇಕಲ್ಲ.

ಕೊನೆಗೆ ಉಳಿದದ್ದು ಎಡಗಡೆಯ ಸೀಟು. ಸಿದ್ಧಾಂತ ಪಾನಾ ಹಿಡಿದು ಬಗ್ಗಿದ. "ಇದನ್ನ ಬಿಡೋ," ಅಂದೆ. "ಯಾಕ ಕಾಕಾ, ರೇಸಿನ್ಯಾಗ ಬಾಜೂಕ ಯಾರ ಕೂಡ್ತಾರ?" ಅಂದ. ಅವನ ಮಾತು ಸರಿಯೇ. ನೀನು ಟ್ರಯಲ್ ಹೊಡೆಯುವಾಗ ನಾನು ಕೂಡುತ್ತಿದ್ದ ಸೀಟು ಅದು, ಅವನಿಗೇನು ಗೊತ್ತು. ನಾನೇ ಬಿಚ್ಚಿ ಹೊರಗಿಟ್ಟೆ. ಈಗ ಅದು ಒಂದೇ ಸೀಟಿನ ಗಾಡಿ.

ಇಷ್ಟೆಲ್ಲಾ ಶಾಣ್ಯಾತನ ತೋರಿಸಿದ ಮೇಲೆ ನಾನು ಮಾಡಿದ ಮಂಗ್ಯಾತನ ಕೇಳು. ಕಬ್ಬಿನ ಸೀಮೆಯ ಮಿಸ್ತ್ರಿ ನಾನು. ಯಾರೇ ಬಂದು ಗಾಡಿ ಸುಧಾರಿಸು ಅಂದರೂ ಸ್ಪ್ರಿಂಗ್ ಗಟ್ಟಿ ಮಾಡುವುದಕ್ಕೇ ಕೈ ಹೋಗುತ್ತದೆ. ಫ್ಯಾಕ್ಟರಿಗೆ ಕಬ್ಬು ಹೊರುವ ಟ್ರೇಲರ್ ಮಾಡಿ ಮಾಡಿ ರೂಢಿಯಾಗಿಬಿಟ್ಟಿದೆ. ಎಲ್ಲ ಭಾರ ಇಳಿಸಿದ ಆ ಹಗುರ ಗಾಡಿಗೆ ಕಲ್ಲಿನಂಥ ಸ್ಪ್ರಿಂಗ್ ಹಾಕಿಬಿಟ್ಟೆ! ತುಬಚಿ ಕಡೆಯ ಬಯಲಿನಲ್ಲಿ ಟ್ರಯಲ್ ಹೊಡೆದರೆ ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿತು. ಸಿದ್ಧಾಂತ ಇಳಿದು ಬಂದು, "ಏನೋ ಒಂಥರಾ ಆಗಾಕತ್ತೈತಿ ಕಾಕಾ," ಅಂದ. ಏನಪ್ಪಾ ಅದು ಅಂತ ಕೇಳಿದರೆ, ಮತ್ತೆ "ಒಂಥರಾ" ಅಂದ.

ನೀನಾಗಿದ್ದರೆ ಗಾಡಿಯಿಂದ ಇಳಿಯುವ ಮೊದಲೇ, "ಅಪ್ಪಾ, ತಿರುವಿನ್ಯಾಗ ಒಳಬಾಜೂ ಹಿಂದಿನ ಗಾಲಿ ನೆಲ ಬಿಟ್ಟೈತಿ," ಅಂತಿದ್ದೆ. ಸೀಟಿಗೊರಗಿದ ನಿನ್ನ ಬೆನ್ನಿಗೆ ಎಲ್ಲಾ ತಿಳಿಯುತ್ತಿತ್ತು. ನಾನು ಬಯಲಿನಲ್ಲಿ ನಡೆಯುತ್ತಾ ಟೈರಿನ ಗುರುತು ನೋಡಿದೆ, ತಿರುವಿನಲ್ಲೆಲ್ಲಾ ಅದು ಹರಿದು ಹರಿದು ಮೂಡಿತ್ತು. ಗಾಲಿ ನೆಲದಲ್ಲೇ ಇರಲಿಲ್ಲ. ಹಳೆಯ ಮೆತ್ತನೆಯ ಸ್ಪ್ರಿಂಗನ್ನೇ ವಾಪಸ್ ಹಾಕಿದೆ, ಕುಲುಕು ತಡೆಯುವ ಒಳ್ಳೆಯ ಶಾಕಪ್ ಹಾಕಿದೆ, ಟೈರಿನ ಗಾಳಿ ಸ್ವಲ್ಪ ಇಳಿಸಿದೆ. ಮುಂದಿನ ಸುತ್ತಿಗೆ ಗಾಡಿ ನೆಲಕ್ಕೆ ಮೈ ಹಚ್ಚಿ ಹೋಯಿತು. ನೀನು ನೋಡಬೇಕಿತ್ತು.

ರೇಸಿನ ದಿನ ಅವ್ವನೂ ಬಂದಿದ್ದಳು. "ನಾ ಏನ ಮಾಡಲಿ ಆ ಧೂಳಾಗ" ಅನ್ನುತ್ತಲೇ ಬುತ್ತಿ ಕಟ್ಟಿಕೊಂಡು ಪಿಕಪ್ಪಿನಲ್ಲಿ ಹತ್ತಿ ಕುಳಿತಿದ್ದಳು. ಜಮಖಂಡಿಯಿಂದ, ಮುಧೋಳದಿಂದ, ಕೊಲ್ಹಾಪುರದಿಂದಲೂ ಗಾಡಿಗಳು ಬಂದಿದ್ದವು. ಸಿದ್ಧಾಂತ ಎರಡನೇ ನಂಬರ್ ಬಂದ! ಇಳಿದವನೇ ಮೈತುಂಬ ಧೂಳಿನೊಂದಿಗೆ ನನ್ನನ್ನು ತಬ್ಬಿಕೊಂಡು ಅಳಲು ಶುರು ಮಾಡಿದ. "ಲೇ ಹುಚ್ಚಪ್ಪ, ಗೆದ್ದಾಂವ ಯಾವನರೆ ಅಳತಾನೇನೋ?" ಅಂದೆ, ನನ್ನ ಕಣ್ಣೂ ನೆಟ್ಟಗಿರಲಿಲ್ಲ. ಹಳೆಯ ಮಂದಿಯೆಲ್ಲಾ ಬಂದು, "ಆ ಹುಡುಗಿ ಎಲ್ಲಿ ಅದಾಳ್ರಿ, ನಿಮ್ಮ ಮಗಳು?" ಎಂದು ಕೇಳಿದರು. ಸಂಘದಲ್ಲಿದ್ದಾಳೆ ಅಂದೆ. ಕೆಲವರಿಗೆ ತಿಳಿಯಿತು, ಕೆಲವರು ಯಾವುದೋ ರೇಸಿನ ಸಂಘ ಅಂದುಕೊಂಡು ಶಭಾಷ್ ಅಂದರು.

ಬಹುಮಾನ ಕೊಡುವುದು ತಡವಾಯಿತು. ಸೂರ್ಯ ಮುಳುಗಿದರೆ ನಮ್ಮ ಊಟ ಅಲ್ಲಿಗೇ ಮುಗಿಯಿತು, ನಿನಗೆ ಗೊತ್ತಲ್ಲ. ಹೊರಟು ಬಂದು ಮುಧೋಳಕ್ಕಿಂತ ಮೊದಲೇ ರಸ್ತೆ ಬದಿಗೆ ಪಿಕಪ್ ನಿಲ್ಲಿಸಿ ಗಡಿಬಿಡಿಯಲ್ಲಿ ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಅವರೆಕಾಳು ಪಲ್ಯ, ಶೇಂಗಾ ಹಿಂಡಿ. ಪಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತಿದ್ದವು. ಬಹಳ ದಿನಗಳ ಮೇಲೆ ನಾನು ಹೊಟ್ಟೆ ತುಂಬ ಉಂಡೆ. ಬಾಯಿ ತುಂಬ ಕೊಚ್ಚಿಕೊಂಡೆ ಕೂಡ.

"ನೋಡ ರಾಜಮತಿ, ಬ್ಯಾಡಾದ್ದೆಲ್ಲಾ ತೆಗದ ಒಗದೆ, ಅದಕ ಗಾಡಿ ಹಂಗ ಹಾರಿತು. ಎಂಜಿನ್ ಅದಽ ಹಳೇದು!"

ಅವ್ವ ರೊಟ್ಟಿ ಮುರಿಯುತ್ತಾ ನನ್ನ ಮುಖ ನೋಡಲೇ ಇಲ್ಲ. "ಗಾಡಿ ಭಾರ ಇಳಸಾಕ ತಿಂಗಳಾನುಗಟ್ಟಲೆ ಬಡದಾಡೀರಿ. ಮಗಳು ತನ್ನ ಭಾರ ತಾ ಇಳಿಸ್ಕೋತೇನಿ ಅಂದ್ರ ಯಾಕ ಮಾರಿ ತಿರುವತೀರಿ?"

"ಅದು ಗಾಡಿ. ಇದು ಕೂಸು," ಅಂದೆ.

"ಕೂಸಿಗೆ ಇಪ್ಪತ್ತೆಂಟ ಆತು. ತನಗ ಬೇಕಾದ್ದು ಯಾವುದು, ಬ್ಯಾಡಾದ್ದು ಯಾವುದು ಆಕಿಗೆ ಗೊತ್ತೈತಿ. ನೀವು ಹೂಂ ಅನ್ನದಽ ಆಕಿನ್ನ ಹಾದ್ಯಾಗ ನಿಲ್ಲಿಸೀರಿ." ಇಷ್ಟು ಹೇಳಿ ನನಗೆ ನೀರು ಕೊಟ್ಟಳು. ಸಿದ್ಧಾಂತ ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾನು ಎದ್ದು ಕೈ ತೊಳೆದೆ.

ಮನೆಗೆ ಬಂದು ನಿನಗೊಂದು ಪತ್ರ ಬರೆದೆ. ಹೂಂ ಅಂತ ಬರೆದೆ, ಒಂದು ಷರತ್ತು ಹಾಕಿದೆ. ದೀಕ್ಷೆಯಾದ ಮೇಲೆ ನಿಮ್ಮ ನಿಯಮದಂತೆ ನೀನು ಹೇಗೂ ಜೀವಮಾನದಲ್ಲಿ ಯಾವ ಗಾಡಿಯನ್ನೂ ಹತ್ತುವಂತಿಲ್ಲ, ಎಲ್ಲಿಗೆ ಹೋದರೂ ಬರಿಗಾಲಿನ ನಡಿಗೆಯೇ. ಗಾಲಿಯ ಮೇಲೆ ಅನ್ನ ಉಂಡವನ ಮಗಳು! ಅದಕ್ಕೆ, ಅದಕ್ಕಿಂತ ಮೊದಲು ಒಂದೇ ಒಂದು ಸಲ ಬಾ, ತುಬಚಿ ಬಯಲಿನಲ್ಲಿ ನಿನ್ನ ಜೆನ್ ಒಂದು ಸುತ್ತು ಓಡಿಸು, ನಾನು ಹೊರಗೆ ನಿಂತು ನೋಡುತ್ತೇನೆ, ಆಮೇಲೆ ನಿನ್ನ ಇಷ್ಟ ಎಂದು ಬರೆದೆ. ಅಂಟು ಹಚ್ಚಿ ಇಟ್ಟೆ. ಮೂರು ದಿನ ಅದು ಅಂಗಿಯ ಕಿಸೆಯಲ್ಲೇ ಇತ್ತು, ಟಪಾಲಿಗೆ ಹಾಕಲು ಆಗಲಿಲ್ಲ.

ಹೋದ ವರ್ಷ ನೀನು ಎರಡು ದಿನಕ್ಕೆ ಮನೆಗೆ ಬಂದಿದ್ದೆಯಲ್ಲ, ಆವತ್ತಿನದು ನೆನಪಾಗುತ್ತಿತ್ತು. ಶೆಡ್ಡಿಗೆ ಹೋಗಿ ತಾಡಪತ್ರಿಯ ಮೇಲೆ ಕೈಯಾಡಿಸಿ, "ಅಪ್ಪಾ, ಇದನ್ನ ಯಾರರೆ ಓಡಸೋರಿಗೆ ಕೊಡ್ರಿ, ಸುಮ್ನ ತುಕ್ಕು ಹಿಡೀತೈತಿ," ಅಂದೆ. ನಿನ್ನ ಮುಖದಲ್ಲಿ ಒಂದಿಷ್ಟೂ ಸಂಕಟ ಇರಲಿಲ್ಲ. ನಾನು ಹುಡುಕಿದೆ, ಸಿಗಲಿಲ್ಲ. ಈಗ ನಾನು ಬಾ ಅಂದರೆ ನೀನು ಖಂಡಿತ ಬರುತ್ತಿದ್ದೆ. ಚೆನ್ನಾಗಿಯೇ ಓಡಿಸುತ್ತಿದ್ದೆ. ಆದರೆ ಅದು ನನಗಾಗಿ, ಹಠ ಹಿಡಿದ ಮುದುಕನನ್ನು ಸಮಾಧಾನ ಮಾಡಲು. ಷರತ್ತು ಹಾಕಿ ಕೊಟ್ಟದ್ದನ್ನು ನೀನು ಮನಸಾರೆ ಎಂದು ಗುರುಗಳ ಮುಂದೆ ಹೇಗೆ ಹೇಳುತ್ತೀ? ಆ ಪತ್ರವನ್ನು ಹರಿದು ನೀರು ಕಾಯಿಸುವ ಒಲೆಗೆ ಹಾಕಿದೆ.

ಆದ್ದರಿಂದ ಕೇಳು ಮಗಳೇ. ಹೂಂ. ಇದರಲ್ಲಿ ಷರತ್ತಿಲ್ಲ. ಈ ಪತ್ರವನ್ನು ಗುರುಗಳ ಮುಂದೆ ಓದು, ಮೇಲಿನ ಗಾಡಿಯ ಪುರಾಣ ಬಿಟ್ಟು ಇಲ್ಲಿಂದ ಓದಿದರೂ ನಡೆದೀತು. ತೇರದಾಳದ ಪಾಯಪ್ಪ ಮತ್ತು ರಾಜಮತಿ ತಮ್ಮ ಮಗಳ ದೀಕ್ಷೆಗೆ ಮನಸಾರೆ ಒಪ್ಪಿದ್ದಾರೆ.

ಇದನ್ನು ಬರೆದ ಮೇಲೆ ಎದೆ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಗಾಡಿಯನ್ನು ಸಿದ್ಧಾಂತನ ಹೆಸರಿಗೆ ಮಾಡಿಕೊಡುತ್ತೇನೆ. ಮುಂದಿನ ವರ್ಷ ಮೊದಲನೇ ನಂಬರ್ ತರುತ್ತೇನೆ ಎಂದು ಈಗಲೇ ಕುಣಿಯುತ್ತಿದ್ದಾನೆ. ಅವನ ಬೆನ್ನಿಗೂ ನಿಧಾನಕ್ಕೆ ತಿಳುವಳಿಕೆ ಬಂದೀತು. ದೀಕ್ಷೆಯ ದಿನ ನಾವೆಲ್ಲಾ ಬರುತ್ತೇವೆ, ಕಸ್ತೂರೆವ್ವ ಮಗ್ಗ ಬಂದ್ ಮಾಡಿ ಬರುತ್ತಾಳಂತೆ. ಅವ್ವ ನಿನಗೆ ಬಿಳಿ ಸೀರೆ ತನ್ನ ಕೈಯಿಂದಲೇ ಕೊಡಬೇಕೆಂದಿದ್ದಾಳೆ, ಅದನ್ನೂ ಕಸ್ತೂರೆವ್ವನೇ ನೇಯುತ್ತಿದ್ದಾಳೆ.

ನೀನು ನಡೆಯುವ ಹಾದಿಯಲ್ಲಿ ಮುಳ್ಳು ಕಲ್ಲು ಇಲ್ಲದಿರಲಿ. ಬೇಸಿಗೆಯ ಡಾಂಬರು ನಿನ್ನ ಪಾದ ಸುಡದಿರಲಿ, ಹೋದಲ್ಲೆಲ್ಲಾ ಗಿಡದ ನೆರಳು ಸಿಗಲಿ. ಕಬ್ಬಿನ ಟ್ರ್ಯಾಕ್ಟರಿನವರು ಹಿಂದೆ ಮುಂದೆ ನೋಡದೆ ಹೊಡೆಯುತ್ತಾರೆ, ರಸ್ತೆಯ ಅಂಚಿಗೇ ನಡೆ. ಹಿಡಿದ ವ್ರತ ನಿನ್ನ ಕೈ ಬಿಡದಿರಲಿ. ನೂರು ವರ್ಷ ಬಾಳು.

ನಿನ್ನ ಅಪ್ಪ,
ಪಾಯಪ್ಪ

ತಾ.ಕ.: ಈ ಕೊನೆಯ ಸಾಲುಗಳನ್ನು ನೀನೊಬ್ಬಳೇ ಓದು, ಅವ್ವನಿಗೂ ತೋರಿಸಿಲ್ಲ. ನಿನ್ನ ದೀಕ್ಷೆಯ ಸುದ್ದಿ ತಿಳಿದಾಗಿನಿಂದ ಊರ ಮಂದಿ ಗ್ಯಾರೇಜಿಗೆ ಬಂದು ನನ್ನ ಕಾಲು ಮುಟ್ಟುತ್ತಿದ್ದಾರೆ. ಎಣ್ಣೆ ಮೆತ್ತಿದ ಕಾಲು, ಬೇಡ ಅಂದರೂ ಕೇಳುವುದಿಲ್ಲ. "ಇಂಥಾ ಮಗಳನ್ನ ಪಡೀಬೇಕಂದ್ರ ಏನ ಪುಣ್ಯ ಮಾಡಿದ್ದಿರೋ," ಅನ್ನುತ್ತಾರೆ. ನಾನು ಎಲ್ಲರಿಗೂ ಹೌದು ಹೌದು ಅನ್ನುತ್ತೇನೆ. ಮೇಲೆ ಹೂಂ ಅಂದದ್ದು ಖರೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇದೂ ಖರೆ. ನನಗೆ ಪುಣ್ಯ ಬೇಕಿರಲಿಲ್ಲ ಮಗಳೇ, ನೀನು ಬೇಕಾಗಿದ್ದೆ.